ವಾಲ್ವಿನ ಪಕ್ಕದ ಒಂದೆಲಗ

ಜುಬೇದಾಳ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮಿಕ್ಕ ಒಂಬತ್ತನ್ನೂ ಕತ್ತರಿಸಿ ಇದೊಂದನ್ನು ಬಿಡುತ್ತಿದ್ದಳು. ಹೊಲಿಯುವ ಬಟ್ಟೆಯ ಮಡಿಕೆ ತೀಡಲಿಕ್ಕೆ ಬೇಕು ಅನ್ನುವಳು. ಆದರೆ ಆ ಉಗುರಿನ ಸಂದಿಯಲ್ಲಿ ಸದಾ ಹಸಿರು. ಬಟ್ಟೆ ತೀಡಿದರೆ ಹಸಿರು ಬರುತ್ತದೆಯೇ? ಅದು ಒಂದೆಲಗದ ಹಸಿರು.

ಅಜ್ಜಂಪುರದ ನಮ್ಮ ಬೀದಿಯಲ್ಲಿ ಅವಳ ಮನೆ ನಮ್ಮ ಎದುರಿಗೆ. ಬೀದಿ ಹೆಂಗಸರ ಜಾಕೀಟೆಲ್ಲ ಅವಳೇ ಹೊಲಿಯುವುದು, ನನ್ನದೂ. ಅವಳ ಗೋಡೆಯ ಹೊರಗೆ, ರಸ್ತೆ ಅಂಚಿಗೆ, ಕುಡಿಯುವ ನೀರಿನ ಪೈಪಿನ ವಾಲ್ವ್ ಇತ್ತು. ಅದು ಸೋರುತ್ತಿತ್ತು. ನಮ್ಮದು ಒಣ ಸೀಮೆ, ಬೇಸಿಗೆಯಲ್ಲಿ ಹುಲ್ಲು ಕೂಡ ಕಾಣುವುದಿಲ್ಲ. ಆ ವಾಲ್ವಿನ ಸುತ್ತ ಮಾತ್ರ, ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ, ವರ್ಷವಿಡೀ ಒಂದೆಲಗ. ಒಂದೊಂದು ದೇಟಿಗೆ ಒಂದೊಂದೇ ದುಂಡನೆಯ ಎಲೆ. ಯಾರೂ ನೆಟ್ಟದ್ದಲ್ಲ. ಅವಳ ಗೋಡೆ ಪಕ್ಕ ಬೆಳೆಯಿತು, ಅವಳದಾಯಿತು. ನಮ್ಮ ಗೋಡೆ ಪಕ್ಕ ಯಾಕೆ ಬೆಳೆಯಲಿಲ್ಲ ಎಂದು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ.

ಅವಳು ಕುಕ್ಕರಗಾಲಲ್ಲಿ ಕೂತು ಆ ಉಗುರಿನಿಂದ ಎಲೆ ಚಿವುಟುವಳು. ಬಳ್ಳಿ ಅಲುಗುತ್ತಿರಲಿಲ್ಲ. ಯಾರಾದರೂ ಬೇರುಸಮೇತ ಎಳೆದರೆ ಕೂತಲ್ಲಿಂದಲೇ ಬೈಯುವಳು: "ಅರೆ, ಬೇರು ಯಾಕೆ ಕೀಳ್ತೀಯೇ? ನಿನ್ ಜೊತೆ ಏನಾದ್ರೂ ಜಗಳಕ್ಕೆ ಬಂದಿತ್ತಾ ಅದು?"

ಹೊಲಿದ ಜಾಕೀಟು ಕೊಡುವಾಗ ಮಡಿಕೆಯೊಳಗೆ ಒಂದು ಹಿಡಿ ಎಲೆ ಕಾಗದದಲ್ಲಿ ಸುತ್ತಿ ಇಡುವುದು ಅವಳ ಪದ್ಧತಿ. ಮೂಲೆಮನೆಯವಳು ಎಲೆಯ ಆಸೆಗೇ ಜಾಕೀಟು ಹೊಲಿಸುತ್ತಿದ್ದಳು ಎಂದು ನನಗೆ ಈಗಲೂ ಅನುಮಾನ. ಹೊಲಿಗೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಕಂಕುಳಲ್ಲಿ ಹಿಡಿಯುತ್ತಿತ್ತು. ಹೇಳಿದರೆ, "ಬಟ್ಟೆ ಹಿಡೀತಿಲ್ಲ ಗಂಗಕ್ಕಾ, ನೀವು ಹಿಡೀತಾ ಇದೀರಿ" ಎಂದು ನಗುವಳು.

ನಮ್ಮ ಯಜಮಾನರು ವಿಭೂತಿ ಹಚ್ಚದೆ ನೀರು ಮುಟ್ಟದವರು. ಅವರಿಗೆ ಆಗಾಗ ಬಾಯಿಹುಣ್ಣು. ಒಂದು ಸಲ ಜುಬೇದಾ ಒಂದೆಲಗದ ಚಟ್ನಿ ಅರೆದು ಬಟ್ಟಲಲ್ಲಿ ಕಳಿಸಿದಳು. ಅನ್ನಕ್ಕೆ ಕಲಸಿ ತಿಂದರು, ಬಟ್ಟಲನ್ನು ಬೆರಳಿನಿಂದ ಬಳಿದರು. "ಕೈ ಅಂದ್ರೆ ಇದು ಕಣೇ" ಅಂದರು. ನಲವತ್ತು ವರ್ಷ ಬೇಯಿಸಿ ಹಾಕಿದ ನನ್ನ ಕೈ ಅವರ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ನಾನು ಅವಳು ಕೊಟ್ಟ ಎಲೆಯನ್ನೇ ಅರೆದರೂ, "ಚೆನ್ನಾಗಿದೆ, ಆದ್ರೆ ಆಕೇದರ ಹಾಗಿಲ್ಲ" ಎನ್ನುವರು. ಅದೇ ಎಲೆ, ಅದೇ ಕಾಯಿ, ಅದೇ ಹಸಿಮೆಣಸಿನಕಾಯಿ!

ಒಂದು ದಿನ ನೀರು ಬಿಡುವವನು ಬಂದಾಗ ನಾನೇ ಕರೆದೆ. "ಏನಪ್ಪಾ, ವಾಲ್ವ್ ಸೋರಿ ಸೋರಿ ಸೊಳ್ಳೆ ತುಂಬ್ಕೊಂಡಿವೆ. ಮಕ್ಳಿಗೆ ಜ್ವರ ಬಂದ್ರೆ ನೀನ್ ನೋಡ್ಕೋತೀಯಾ?" ಅಂದೆ. ನಮ್ಮ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಅವನು ವಾರದೊಳಗೆ ಹೊಸ ವಾಲ್ವ್ ಹಾಕಿ ಸುತ್ತ ಸಿಮೆಂಟು ಬಳಿದ. ಬೇಸಿಗೆ ಕಾಲ. ಹದಿನೈದು ದಿನಕ್ಕೆ ಒಂದೆಲಗ ಕಂದಿ, ಒಣಗಿ, ಮಣ್ಣಿಗಂಟಿತು. ಜುಬೇದಾ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದಳು. ನಾನು ಕಿಟಕಿಯಿಂದ ಅವಳನ್ನು ನೋಡಿದೆ. ಖುಷಿ ಆಯಿತು ಅಂತಲೇ ಬರೆಯುತ್ತೇನೆ, ಸುಳ್ಳು ಯಾಕೆ?

ಖುಷಿ ಬಹಳ ದಿನ ನಿಲ್ಲಲಿಲ್ಲ. ಯಜಮಾನರಿಗೆ ಜ್ವರ ಬಂತು, ಜ್ವರ ಬಿಟ್ಟರೂ ಬಾಯೆಲ್ಲ ಹುಣ್ಣು. ಗಂಜಿಯನ್ನೂ ದೂಡಿದರು. ಮೈ ಇಳಿದು ಮಂಚಕ್ಕೆ ಅಂಟಿದರು. ಕೊತ್ತಂಬರಿ ಅರೆದು ಇಟ್ಟೆ, "ಇದಲ್ಲ." ಪುದೀನ ಅರೆದೆ, "ಅದಲ್ಲ." ಮೂರನೇ ದಿನ ನನಗೆ ಭಯವಾಯಿತು. ರಸ್ತೆ ದಾಟಿ ಅವಳ ಬಾಗಿಲಿಗೆ ಹೋಗಿ ನಿಂತೆ.

"ಒಂದೆಲಗ ಎಲ್ಲಾದ್ರೂ ಸಿಗುತ್ತೇನೇ?" ಅಂದೆ.

ಅವಳು ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ತರೀಕೆರೆಯ ಬಸ್ಸು ಹತ್ತಿದಳು. ಅಲ್ಲಿ ಅವಳ ಅಕ್ಕನ ಮನೆ ಹತ್ತಿರ ಕಾಲುವೆ ಇದೆ. ಮಧ್ಯಾಹ್ನಕ್ಕೆ ಒದ್ದೆ ಟವೆಲ್ಲಿನ ಗಂಟು ಹಿಡಿದು ನಮ್ಮ ಅಡಿಗೆಮನೆಗೇ ಬಂದಳು. ಒರಳಿಗೆ ಅವಳು ಕೈ ಹಾಕಲಿಲ್ಲ. ನಾನೇ ಅರೆದೆ, ನಾನೇ ತುಪ್ಪ ಹಾಕಿ ಅನ್ನಕ್ಕೆ ಕಲಸಿದೆ. ಯಜಮಾನರು ಒಂದು ತುತ್ತು ತಿಂದರು, ಇನ್ನೊಂದು ತಿಂದರು, ತಟ್ಟೆ ಖಾಲಿ ಮಾಡಿದರು.

"ಜುಬೇದಮ್ಮನ ಕೈ ಅಂದ್ರೆ ಕೈ!"

"ನಾನ್ ಅರೆದದ್ದು ಕಣ್ರೀ" ಅಂದೆ.

ಜುಬೇದಾ ಬಾಗಿಲಲ್ಲೇ ನಿಂತು, "ಹೌದಣ್ಣಾ, ಗಂಗಕ್ಕನೇ ಅರೆದಿದ್ದು. ನಾನು ಮುಟ್ಟೇ ಇಲ್ಲ" ಅಂದಳು.

ಯಜಮಾನರು ನಕ್ಕರು. "ನೋಡು, ಎಂಥಾ ದೊಡ್ಡ ಮನಸ್ಸು ಆಕೇದು. ಹೆಸರೂ ನಿನಗೇ ಬಿಟ್ಕೊಟ್ಳು."

ಆವತ್ತು ನನಗೆ ಉರಿದಷ್ಟು ಹೊಟ್ಟೆ ಮತ್ತೆಂದೂ ಉರಿದಿಲ್ಲ. ಹೊರಡುವಾಗ ಅವಳು ಗಂಟಿನಿಂದ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿದ್ದ ಒಂದು ಬಳ್ಳಿ ತೆಗೆದು ನನ್ನ ಕೈಗಿಟ್ಟಳು.

"ಇದನ್ನ ನಿಮ್ ಬಚ್ಚಲು ನಲ್ಲಿ ಬುಡಕ್ಕೆ ಹಾಕಿ ಅಕ್ಕಾ. ಆ ನಲ್ಲಿ ಸೋರಿದ್ರೆ ಯಾರೂ ಕಂಪ್ಲೇಂಟ್ ಮಾಡಲ್ಲ."

ಹೇಳಿ ಹೋದಳು. ನನ್ನ ಮುಖ ನೋಡಲಿಲ್ಲ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೂ ಬರಲಿಲ್ಲ.

ಕಣ್ಣು ಮಂಜಾಗಿ ಸೂಜಿಗೆ ದಾರ ಹಾಕಲು ಆಗದಾದಾಗ ಅವಳ ಮಗಳು ಕಡೂರಿಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ನನ್ನದೊಂದು ಜಾಕೀಟು ಮುಗಿಸಿ ಕೊಟ್ಟಳು. "ಒಳಗೆ ಬಟ್ಟೆ ಬಿಟ್ಟಿದೀನಿ ಗಂಗಕ್ಕಾ. ಇನ್ನೂ ದಪ್ಪ ಆದ್ರೆ ಬಿಚ್ಕೊಳಿ" ಅಂದಳು. ಮನೆಗೆ ಬಂದು ಮಡಿಕೆ ಬಿಚ್ಚಿ ನೋಡಿದೆ. ಎಲೆ ಇರಲಿಲ್ಲ. ಎಲ್ಲಿಂದ ಬಂದೀತು? ಬೀದಿಯಲ್ಲಿ ಒಂದೆಲಗ ಇದ್ದದ್ದು ಆಗ ನನ್ನ ಬಚ್ಚಲಲ್ಲಿ ಮಾತ್ರ. ನಾನೂ ಅವಳಿಗೆ ಒಂದು ಹಿಡಿ ಕೊಟ್ಟು ಕಳಿಸಲಿಲ್ಲ.

ಹೋದ ವರ್ಷ ಅವಳ ಮಗಳು ಫೋನು ಮಾಡಿದಳು. ನಾನು ಬಸ್ಸಿನಲ್ಲಿ ಕಡೂರಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಸೆರಗಲ್ಲಿ ಕಟ್ಟಿಕೊಂಡು ಹೋಗಿದ್ದ ಎಲೆ ಬಾಡಿತ್ತು. ಮಗಳ ಕೈಗೆ ಕೊಟ್ಟು ಬಂದೆ.

ನಮ್ಮ ನಲ್ಲಿಯ ವಾಷರ್ ಸವೆದಿದೆ. ಬದಲಿಸಲು ಬಂದವನನ್ನು ಎರಡು ಸಲ ವಾಪಸ್ ಕಳಿಸಿದ್ದೇನೆ. ಬಳ್ಳಿ ಈಗ ಬಚ್ಚಲು ದಾಟಿ ಹಿತ್ತಿಲ ಬಾಗಿಲಿಗೆ ಬಂದಿದೆ. ನೀರು ನನ್ನದು, ನೆಲ ನನ್ನದು, ಚಿವುಟುವುದೂ ನಾನೇ, ಬೇರು ಅಲುಗದ ಹಾಗೆ. ಆದರೂ ಮೂಲೆಮನೆಯವಳು ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು ಕೂಗುತ್ತಾಳೆ:

"ಗಂಗಕ್ಕಾ, ಒಂದ್ ಹಿಡಿ ಜುಬೇದಮ್ಮನ ಸೊಪ್ಪು ಕೊಡ್ರೀ!"

"ಬಂದೆ ಇರೇ" ಎಂದು ಕೊಡುತ್ತೇನೆ.