ಆ ಅಟ್ಟ ಯಾರ ಮನೆಯದು

ಎಪ್ಪತ್ತರ ದಶಕದ ಕೊನೆಯ ಒಂದು ಶನಿವಾರ ಮಧ್ಯಾಹ್ನ, ಬಸ್ ದರ ಏರಿಕೆ ವಿರೋಧಿಸಿ ಮೆರವಣಿಗೆ ಹೊರಟಿದ್ದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಮ್ಮ ಪಟ್ಟಣದ ಮುಖ್ಯರಸ್ತೆಯಲ್ಲಿ ಪೊಲೀಸರು ಲಾಠಿ ಬೀಸಿದರು. ಅದೇ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಒಂದು ಬಸ್ಸಿಗೆ ಬೆಂಕಿ ಬಿತ್ತು.

ಆಗ ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ನಾನು ಕಳಿಸುತ್ತಿದ್ದ ಸುದ್ದಿಯಲ್ಲಿ ಹೆಚ್ಚಿನದು ಕೊಬ್ಬರಿ ಧಾರಣೆ. ಆ ದಿನ ಹೋಟೆಲಿನವರು ಶೆಟರನ್ನು ಅರ್ಧಕ್ಕೆ ಇಳಿಸಿದ್ದರಿಂದ ಒಳಗಿದ್ದ ನನಗೆ ಕಂಡದ್ದು ಸೊಂಟದಿಂದ ಕೆಳಗಿನದು ಮಾತ್ರ: ಓಡುವ ಚಪ್ಪಲಿಗಳು, ಬೂಟುಗಳು, ಬಿದ್ದವರ ಮೊಣಕಾಲಿನ ಮೇಲೆ ಇಳಿಯುತ್ತಿದ್ದ ಲಾಠಿ. ಕಂಡಷ್ಟನ್ನು ಬರೆದು ಕಳಿಸಿದೆ. ಮರುದಿನದ ಪತ್ರಿಕೆಯಲ್ಲಿ ‘ಲಘು ಲಾಠಿ ಪ್ರಹಾರ’ ಎಂದಿತ್ತು. ಲಘುವಲ್ಲದ ಲಾಠಿ ಪ್ರಹಾರದ ಸುದ್ದಿಯನ್ನು ಯಾವ ಪತ್ರಿಕೆಯಲ್ಲಾದರೂ ಓದಿದ ನೆನಪು ನನಗಿಲ್ಲ.

ಎರಡು ದಿನ ಕಳೆದ ಮೇಲೆ, ಬಸ್ಸಿಗೆ ಬೆಂಕಿ ಹಚ್ಚಿದ ಆರೋಪದ ಮೇಲೆ ಬಿಳಿಗೆರೆ ಕಡೆಯ ಬಿ.ಕಾಂ. ವಿದ್ಯಾರ್ಥಿಯೊಬ್ಬನನ್ನು ಹಿಡಿದರು. ಜಾಮೀನಿನ ಮೇಲೆ ಹೊರಬಂದವನು ನನ್ನನ್ನು ಹುಡುಕಿಕೊಂಡು ಬಂದ. ಮುರಿದ ಬಲಗೈಗೆ ಹಿಟ್ಟಿನ ಪಟ್ಟಿ ಹಾಕಿದ್ದರು.

“ಬಸ್ ಸ್ಟ್ಯಾಂಡ್ ಕಡೀಕೇ ಹೋಗಿಲ್ಲ ಸಾರ್. ಕೈಗೆ ಬಿತ್ತಲ್ಲ, ಕಾಲೇಜ್ ಹಿಂದಿನ ಬೀದಿಗೆ ಓಡ್ದೆ. ಯಾರ್ದೋ ಹಿತ್ಲಿಗೆ ನುಗ್ಗಿದ್ರೆ ಒಂದಜ್ಜಿ, ‘ಹತ್ತಲಾ ಅಟ್ಟಕ್ಕೆ’ ಅಂತು. ಕತ್ಲಾಗೋವರ್ಗೂ ಅಲ್ಲೇ ಕಾಯಿ ಮೇಲೆ ಬಿದ್ದಿದ್ದೆ.”

“ಯಾವ ಮನೆ?”

“ಅದೇ ಗೊತ್ತಿಲ್ಲ ಸಾರ್. ಎಲ್ಲಾ ಹಿತ್ಲೂ ಒಂದೇ ತರ ಅವೆ. ಅಜ್ಜಿ ಮಖ ಸೈತ ಸರ್ಯಾಗಿ ನೋಡ್ಲಿಲ್ಲ.”

ಆ ಅಜ್ಜಿ ಸಿಕ್ಕಿದರೆ ಅವನು ಬಿಡುಗಡೆ. ಸಿಗದಿದ್ದರೆ ಜೈಲು. ಅವನ ವಕೀಲರೂ ಇದನ್ನೇ ಹೇಳಿದ್ದರು.

ಅವನ ಜೊತೆ ಆ ಬೀದಿಯ ಮನೆಮನೆಗೂ ಹೋದೆ. ನಮ್ಮ ಸೀಮೆಯಲ್ಲಿ ಅಟ್ಟವಿಲ್ಲದ ಮನೆ ಅಪರೂಪ. ಮರದಿಂದ ಇಳಿದ ಕಾಯಿ ಅಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಒಣಗಿ, ಒಳಗೇ ಉಂಡೆ ಕೊಬ್ಬರಿಯಾಗುತ್ತದೆ. ಎಲ್ಲರೂ ಬಾಗಿಲಲ್ಲೇ ನಿಂತು ಒಂದೇ ಉತ್ತರ ಕೊಟ್ಟರು: “ನಮ್ಮನೇಗೆ ಯಾರೂ ಬಂದಿಲ್ಲ ಕಣ್ರೀ.” ಅಜ್ಜಿಯರಿದ್ದ ಮನೆಗಳಲ್ಲಿ ಅಜ್ಜಿಯರನ್ನು ಹೊರಗೇ ಬಿಡಲಿಲ್ಲ.

ಸುಳಿವು ಸಿಕ್ಕಿದ್ದು ಟೀ ಅಂಗಡಿಯಲ್ಲಿ, ಪರಿಚಯದ ಪೇದೆಯೊಬ್ಬರಿಂದ. ಅವರು ಕಂದಿಕೆರೆ ಕಡೆಯವರು, ತೋಟವಿದ್ದವರು. ನಗುತ್ತಲೇ ಹೇಳಿದರು:

“ಅವತ್ತೊಂದ್ ಮನೆಗೆ ಹುಡುಕೋಕೆ ಹೋದ್ರೆ ಮುದುಕಿ ಏಣಿಗೆ ಅಡ್ಡ ನಿಂತ್ಕಂತು. ‘ನೆನ್ನೆ ಹಾಕಿರೋ ಹಸಿಕಾಯಿ ಕಣಪ್ಪ, ತುಳೀಬ್ಯಾಡ’ ಅಂತು. ಅಷ್ಟೊತ್ಗೆ ಮೇಲೆ ಗುಡುಗುಡು ಅಂತು. ಹಸಿಕಾಯಿ ಎಲ್ಲಾದ್ರೂ ಗುಡುಗುಡು ಅಂದದ್ದುಂಟಾ ಸ್ವಾಮಿ?”

ನೀರು ತುಂಬಿದ ಕಾಯಿ ಉರುಳಿದರೆ ದಪ್ಪಗೆ ಸದ್ದಾಗುತ್ತದೆ. ಒಣಗಿದ್ದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುತ್ತದೆ. ಕಾಯಿ ಆಗಿದೆಯೋ ಇಲ್ಲವೋ ಎಂದು ಎಲ್ಲರೂ ಅಲ್ಲಾಡಿಸಿ ನೋಡುವುದು ಅದಕ್ಕೇ.

“ನೀವೇನಂದ್ರಿ?”

“ಏನನ್ನಾನ? ‘ಅಜ್ಜೀ, ನಿನ್ ಹಸಿಕಾಯಿ ಬಲು ಬೇಗ ಒಣಗವೆ’ ಅಂದು ಈಚೆಗೆ ಬಂದೆ.”

“ಯಾವ ಮನೆ?”

“ಅದೊಂದ್ ಬುಡಿ. ನಂಗೂ ಮಕ್ಕಳವೆ.”

ಅಷ್ಟು ಸಾಕಾಯಿತು. ಆ ಶನಿವಾರ ಅಟ್ಟದಲ್ಲಿ ಕಾಯಿ ಗುಡುಗುತ್ತಿದ್ದ ಮನೆಯವರು ಇಷ್ಟರಲ್ಲೇ ಅದನ್ನು ಇಳಿಸಿ ಸುಲಿಯಲೇಬೇಕು. ಹುಡುಗನನ್ನು ಕರೆದುಕೊಂಡು ಮತ್ತೆ ಆ ಬೀದಿಗೆ ಹೋದೆ. ಒಂದೇ ಒಂದು ಮನೆಯ ಮುಂದೆ ಆಗಷ್ಟೇ ಸುಲಿದ ಮಟ್ಟೆಯ ರಾಶಿ ಇತ್ತು. ಜಗುಲಿಯ ಮೇಲೆ ಒಬ್ಬ ಅಜ್ಜಿ ಕೊಬ್ಬರಿಗೆ ಅಂಟಿದ ಚಿಪ್ಪಿನ ಚೂರು ಬಿಡಿಸುತ್ತಿದ್ದರು. ಹುಡುಗನ ಪಟ್ಟಿ ನೋಡಿ ಅವರೇ ಮೊದಲು ಮಾತಾಡಿದರು.

“ಮುರಿದೇಬುಟ್ಟಿತ್ತೇನ್ಲಾ?”

ಒಳಗಿಂದ ಬಂದ ಮಗ ಅವರನ್ನು ಗದರಿದ. “ಅವ್ವಾ, ಸುಮ್ಕಿರು. ನಾಳೆ ಪೊಲೀಸ್ನೋರು ಬಂದ್ರೆ ನೀನ್ ಹೋಯ್ತೀಯಾ ಸ್ಟೇಷನ್‌ಗೆ?”

“ಹೋಯ್ತೀನಿ. ಕರೀಲಿ.”

ಕರೆದದ್ದು ನ್ಯಾಯಾಲಯ. ವರದಿಗೆಂದು ನಾನೂ ಹೋಗಿದ್ದೆ. ಆ ಶನಿವಾರ ಮಧ್ಯಾಹ್ನ ಹುಡುಗ ನಮ್ಮ ಅಟ್ಟದ ಮೇಲಿದ್ದ, ಪೊಲೀಸರಿಗೆ ಹಸಿಕಾಯಿ ಎಂದು ಹೇಳಿ ಕಳಿಸಿದೆ ಎಂದು ಅಜ್ಜಿ ಸಾಕ್ಷಿ ನುಡಿದರು. ಸರ್ಕಾರಿ ವಕೀಲರು ಎದ್ದು ನಿಂತರು.

“ಅಂದರೆ ಪೊಲೀಸರಿಗೆ ಸುಳ್ಳು ಹೇಳಿದಿರಿ?”

“ಹೂಂ ಸ್ವಾಮಿ.”

“ಈಗ ಹೇಳುತ್ತಿರುವುದೂ ಸುಳ್ಳಿರಬಹುದಲ್ಲ?”

“ಈಗ ಇಲ್ಲಿ ಯಾರೂ ದೊಣ್ಣೆ ಹಿಡ್ಕಂಡಿಲ್ವಲ್ಲ ಸ್ವಾಮಿ.”

ಹುಡುಗನ ಬಿಡುಗಡೆಯಾಯಿತು. ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಎಂಬತ್ತರ ದಶಕದ ಕೊನೆಯಲ್ಲಿ ಕುಡಿಯುವ ನೀರಿನ ಸುದ್ದಿಗೆಂದು ಅದೇ ಬೀದಿಗೆ ಹೋದಾಗ, ಕೆದಕದಿದ್ದರೂ ಆ ಶನಿವಾರದ ಮಾತು ಬಂತು. ಹಿಂದೆ ಬಾಗಿಲಲ್ಲೇ ನಿಲ್ಲಿಸಿದವರು ಈಗ ಒಳಗೆ ಕರೆದು ತಮ್ಮ ತಮ್ಮ ಅಟ್ಟ ತೋರಿಸಿದರು. ಒಂದು ಮನೆಯಲ್ಲಿ ಬಚ್ಚಿಟ್ಟುಕೊಂಡವರು ಮೂವರಾಗಿದ್ದರು. ಇನ್ನೊಂದರಲ್ಲಿ ಒಬ್ಬಳು ಹುಡುಗಿಯೂ ಇದ್ದಳು. ಮತ್ತೊಂದು ಮನೆಯ ಹಿರಿಯರು ಗುಂಡಿನ ಸದ್ದು ಕೇಳಿದ್ದಾಗಿ ಹೇಳಿದರು. ಆ ದಿನ ಗುಂಡು ಹಾರಿರಲಿಲ್ಲ. ಹಸಿಕಾಯಿಯ ಮಾತು ಮಾತ್ರ ಎಲ್ಲ ಮನೆಗಳಲ್ಲೂ ಒಂದೇ ರೀತಿ ಇತ್ತು.

ಕೊನೆಗೆ ಆ ಅಜ್ಜಿಯ ಮನೆಗೆ ಹೋದೆ. ಅವರು ತೀರಿಕೊಂಡಿದ್ದರು. ಮಗ ಜಗುಲಿಯ ಮೇಲೆ ಕೂತಿದ್ದ.

“ಅದಾ? ಅದು ನಮ್ಮನೇಲಲ್ಲ ಸಾರ್,” ಎಂದ. “ಪಕ್ಕದ್ ಮನೇಲಂತೆ.”

ನಾನು ಕೋರ್ಟಿನ ಸಾಕ್ಷಿಯನ್ನು ನೆನಪಿಸಿದೆ. ಅವನು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೆಳಗಿಟ್ಟ.

“ಅವ್ವ ಹಂಗೇ. ಯಾರ್ದಾದ್ರೂ ತಾಪತ್ರಯ ತನ್ ತಲೆಮ್ಯಾಲೆ ಹಾಕ್ಕಂತಿತ್ತು.”

ಆ ವಿದ್ಯಾರ್ಥಿ ಮುಂದೆ ಹಂದನಕೆರೆ ಕಡೆ ಮೇಷ್ಟ್ರಾದರು. ಕಪ್ಪು ಹಲಗೆಯ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದರು. ಬಸ್ಸಿಗೆ ಬೆಂಕಿ ಹಚ್ಚಿದವರು ಪತ್ತೆಯಾಗಿಲ್ಲ. ಲಾಠಿ ಪ್ರಹಾರದ ಬಗ್ಗೆ ವಿಚಾರಣೆ ನಡೆಸುವುದಾಗಿ ಆಗ ಅಧಿಕಾರಿಗಳು ಹೇಳಿದ್ದರು. ಅದರ ವರದಿ ಈವರೆಗೆ ಹೊರಬಂದಿಲ್ಲ.