ಬೀದಿಯಲ್ಲಿ ನಿಂತ ಮಂಗಳಾರತಿ

ಭಾಗ್ಯಕ್ಕ ತನ್ನ ಅಂಗಡಿಯ ಸ್ಪ್ರೇ ಡಬ್ಬಗಳಿಗೆ ಬಿಸಿಲು ತಾಗಲು ಬಿಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿದರೆ ಸಾಕು, ಹಳೇ ಸೀರೆಯೊಂದನ್ನು ಅಡ್ಡ ಇಳಿಬಿಟ್ಟು, ಮಗು ಮಲಗಿಸಿ ಬಂದವಳ ಹಾಗೆ ಸದ್ದಿಲ್ಲದೆ ತನ್ನ ಜಾಗದಲ್ಲಿ ಕೂರುತ್ತಿದ್ದಳು. "ಸೆಕೆ ಆಯ್ತದೆ ಕಣಪ್ಪ ಅವಕ್ಕೆ" ಎನ್ನುವಳು. ನನಗೆ ನಗು.

ಮಂಡ್ಯದ ಗುತ್ತಲಿನಲ್ಲಿ ಅವಳ ಫ್ಯಾನ್ಸಿ ಸ್ಟೋರಿನ ಪಕ್ಕದ್ದೇ ನನ್ನ ಜೆರಾಕ್ಸ್ ಅಂಗಡಿ. ಬಳೆ, ರಿಬ್ಬನ್ನು, ಸೆಂಟು, ಸೊಳ್ಳೆ ಸ್ಪ್ರೇ, ಹುಟ್ಟುಹಬ್ಬಕ್ಕೆ ನೊರೆ ಹಾರಿಸುವ ಡಬ್ಬ, ಎಲ್ಲ ಅವಳಲ್ಲಿದ್ದವು. ಬೀಡಿ ಹಚ್ಚಿದವರು ರಸ್ತೆಯಲ್ಲೇ ನಿಂತು ಸಾಮಾನು ಕೇಳಬೇಕು. ನೊರೆ ಡಬ್ಬ ಕೇಳಿ ಬಂದವರಿಂದ, ಮೊದಲು ಮೇಣದಬತ್ತಿ ಆರಿಸುತ್ತೇವೆ, ಆಮೇಲೇ ನೊರೆ ಎಂದು ಬಾಯಿಬಿಟ್ಟು ಹೇಳಿಸಿಕೊಂಡೇ ಕೊಡುತ್ತಿದ್ದಳು. ಹನಕೆರೆ ಕಡೆಯ ರೈತರಿಗಂತೂ, ಖಾಲಿ ಡಬ್ಬವನ್ನು ಕಬ್ಬಿನ ತರಗಿನ ಬೆಂಕಿಗೆ ಎಸೆಯಬಾರದೆಂದು ಬೇರೆಯೇ ಪಾಠ. ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ನನ್ನನ್ನೇ ಗದರಿದಳು. "ಡಬ್ಬದ ಮೇಲೇ ಬರ್ದವ್ರಲ್ಲಪ್ಪ. ಓದಕ್ಕೇನ್ ರೋಗ ನಿಮ್ಗೆ?"

ನಮ್ಮ ಬೀದಿಯ ಅಂಗಡಿಗಳಿಗೆಲ್ಲ ಆಯುಧಪೂಜೆ ಒಟ್ಟಿಗೆ. ಪೇಂಟ್ ಅಂಗಡಿಯ ಚಿಕ್ಕೇಗೌಡರು ಭಾಗ್ಯಕ್ಕನ ಬಾವ, ತೀರಿಹೋದ ಗಂಡನ ಅಣ್ಣ. ಅವರು ಕರ್ಪೂರ ಉರಿಯುವ ತಟ್ಟೆ ಹಿಡಿದು ಒಂದೊಂದೇ ಅಂಗಡಿಯ ಒಳಹೊಕ್ಕು, ಮೂಲೆ ಮೂಲೆಯ ಸಾಮಾನಿಗೂ ಆರತಿ ತೋರಿಸಿ ಬರುವುದು ಹಿಂದಿನಿಂದ ಬಂದ ಪದ್ಧತಿ. ಕೆಲವು ವರ್ಷಗಳ ಹಿಂದೆ ಭಾಗ್ಯಕ್ಕ ಹೊಸ್ತಿಲಿಗೆ ಅಡ್ಡ ನಿಂತಳು.

"ಬಾವ, ಆರ್ತಿ ರೋಡಲ್ಲೇ ಇರ್ಲಿ. ಒಳಿಕ್ಕೆ ಬ್ಯಾಡ."

"ದೇವ್ರುನ್ನೇ ಬಾಗ್ಲಲ್ಲಿ ನಿಲ್ಲುಸ್ತೀಯೇನಮ್ಮ?" ಎಂದು ಗೌಡರು ಕೆಂಪಾದರು. ಅವಳ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ನಡೆದೇಬಿಟ್ಟರು. ಆರತಿ ಕಾಣದ ಅಂಗಡಿ ಎಂದು ಹೆಸರು ಬಿದ್ದರೆ ಬಳೆ ತೊಡಲು ಯಾವ ಹೆಂಗಸೂ ಅಲ್ಲಿಗೆ ಕಾಲಿಡುವುದಿಲ್ಲ. ಅವಳ ಅನ್ನ ಇದ್ದದ್ದೇ ಆ ಅಂಗಡಿಯಲ್ಲಿ. ಹೋಗಿ ಸಮಾಧಾನ ಮಾಡಿ ಕರೆದುಕೊಂಡು ಬಾ ಎಂದು ನಾನು ಬೇಡಿಕೊಂಡೆ. ನನ್ನ ಮಾತಿಗೆ ಅವಳು ಸೊಪ್ಪು ಹಾಕಲಿಲ್ಲ.

ಕೊನೆಗೆ ಗೌಡರ ಅಂಗಡಿಯಲ್ಲಿ ಎಲ್ಲರಿಗೂ ಪ್ರಸಾದ. ಮುನಿಸಿದ್ದರೂ ಮನೆಯ ಸೊಸೆಯಲ್ಲವೆ, ಭಾಗ್ಯಕ್ಕನೂ ಬಂದಳು. ಚೆಂದ ಕಾಣಲೆಂದು ಗೌಡರು ಬಣ್ಣದ ಸ್ಪ್ರೇ ಡಬ್ಬಗಳನ್ನು ದೇವರ ಪಟದ ಅಕ್ಕಪಕ್ಕ ಮೆಟ್ಟಿಲಾಗಿ ಜೋಡಿಸಿ, ನಡುವೆ ದೀಪ ಇಟ್ಟಿದ್ದರು. ಪ್ರಸಾದದ ನೂಕುನುಗ್ಗಲಿನಲ್ಲಿ ಒಂದು ಡಬ್ಬ ಜಾರಿ ದೀಪದ ಮಗ್ಗುಲಿಗೆ ಒರಗಿತ್ತು. ನಾವೆಲ್ಲ ಕಡ್ಲೆಪುರಿ ಮೆಲ್ಲುತ್ತಿದ್ದೆವು, ಯಾರೂ ನೋಡಲಿಲ್ಲ. ಭಾಗ್ಯಕ್ಕ ನೋಡಿದಳು. ಜನರ ನಡುವೆ ನುಗ್ಗಿ ಹೋಗಿ ದೇವರ ದೀಪವನ್ನು ಬಾಯಿಂದಲೇ ಊದಿ ಆರಿಸಿಬಿಟ್ಟಳು. ದೀಪ ಆರಿತು ಎನ್ನಲೂ ಅಂಜುವ ನಮ್ಮ ಜನ ಹೌಹಾರಿದರು. "ಎಲ್ಲಾ ಒರಿಕ್ಕೆ ನಡೀರಿ" ಎಂದವಳೇ, ಆ ದಿನದ ತನಕ ಎದುರು ನಿಂತು ಮಾತಾಡದಿದ್ದ ಬಾವನ ರಟ್ಟೆ ಹಿಡಿದು ಬೀದಿಗೆ ಎಳೆದು ತಂದಳು.

ಡಬ್ಬ ತಣ್ಣಗಾಗುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಗೌಡರೇ ಹೋಗಿ ಎತ್ತಿ ತಂದರು. ದೀಪದ ಕಡೆಯ ಮೈ ಕಂದಿ, ಬಣ್ಣ ಗುಳ್ಳೆ ಎದ್ದಿತ್ತು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಅದು ಸಿಡಿಯುತ್ತಿತ್ತು. ಸುತ್ತ ಥಿನ್ನರ್ ಡಬ್ಬಗಳು, ನಡುವೆ ನಮ್ಮೆಲ್ಲರ ಮಕ್ಕಳು. ಗೌಡರು ಅದನ್ನು ಮಗುಚಿ ಮಗುಚಿ ನೋಡಿದರು.

"ತಪ್ಪಾಯ್ತು ಕಣಮ್ಮ," ಎಂದರು ಬೀದಿಯ ಎದುರೇ. "ಇನ್ಮೇಲೆ ನೀ ಯೋಳ್ದಂಗೇ."

ಮರುವರ್ಷ ತಟ್ಟೆ ಬೀದಿಯ ನಡುವೆ ನಿಂತಿತು, ಅಂಗಡಿಗಳೇ ಅದರ ಬಳಿಗೆ ಹೊರಟವು. ದರ್ಜಿ ಕತ್ತರಿ ತಂದ, ದಿನಸಿಯವರು ತಕ್ಕಡಿ ತಂದರು. ನಾನು ಕಾಗದದ ಕಟ್ಟು ತಂದರೆ, ದೂರ ಹಿಡ್ಕೊ ಎಂದು ಭಾಗ್ಯಕ್ಕನಿಂದ ಬೈಸಿಕೊಂಡೆ. ಅವಳು ಹಸಿರು ಬಳೆಯ ಮಲಾರ ಹಿಡಿದು ತಲೆ ಎತ್ತಿ ಬಂದಳು. ಮೊದಲ ಆರತಿ ಗೌಡರು ಆ ಬಳೆಗಳಿಗೇ ತೋರಿಸಿದರು. ನನ್ನ ಅಕ್ಕನೇ ಗೆದ್ದಳೆಂಬಂತೆ ನನ್ನ ಎದೆ ಉಬ್ಬಿತು. ಆ ಸಂಜೆ ಅವಳ ಅಂಗಡಿಯಲ್ಲಿ ಬಳೆ ತೊಡಲು ಬಂದ ಹೆಂಗಸರು ನನ್ನ ಬಾಗಿಲ ತನಕ ನಿಂತಿದ್ದರು.

ಹೋದ ವರ್ಷ ಮಳವಳ್ಳಿಯಲ್ಲಿ, ಮಗಳ ಮನೆಯ ಹತ್ತಿರ, ಇದಕ್ಕಿಂತ ದೊಡ್ಡ ಅಂಗಡಿ ಹಾಕಿ ಭಾಗ್ಯಕ್ಕ ಹೊರಟುಹೋದಳು. ಪಕ್ಕದಲ್ಲಿ ಗದರುವವರಿಲ್ಲದೆ ನನಗೆ ಬಿಕೋ ಎನ್ನುತ್ತದೆ. ಅವಳ ಜಾಗಕ್ಕೆ ಮೊಬೈಲ್ ಅಂಗಡಿಯವನೊಬ್ಬ ಬಂದಿದ್ದಾನೆ. ಈ ಸಲದ ಆಯುಧಪೂಜೆಯಲ್ಲಿ ಅವನು ಬಲು ಭಕ್ತಿಯಿಂದ, ಮಂಗಳಾರತಿ ಒಳಗೇ ತನ್ನಿ ಎಂದು ಗೌಡರನ್ನು ಕರೆದ. ಗೌಡರು ತಟ್ಟೆ ಹಿಡಿದು ನಿಂತಲ್ಲಿಂದ ಅಲ್ಲಾಡಲಿಲ್ಲ.

"ಇಲ್ಲಿ ದೇವ್ರು ಒಳಿಕ್ಕೆ ಬರಕಿಲ್ಲ ಕಣಪ್ಪ," ಎಂದರು. "ನಮ್ ಭಾಗ್ಯ ಬುಡಕಿಲ್ಲ."