ಮತ್ತೊಂದು, ಮೂರು, ಒಂಬತ್ತು

ಮಂಜಿರಿಗೆ ಕೂತಲ್ಲಿ ಕೂರುವ ಯೋಗವೇ ಇರಲಿಲ್ಲ. ಗಣಿತದ ಶಿಕ್ಷಕಿ, ಭಾಲ್ಕಿಯಲ್ಲೊಂದು ಶಾಲೆ, ಔರಾದದಲ್ಲಿ ಇನ್ನೊಂದು, ಎಲ್ಲ ಕಡೆಯೂ ತಾತ್ಕಾಲಿಕ. ಪರೀಕ್ಷೆ ಮುಗಿದದ್ದೇ ತಡ, "ಮುಂದಿನ ವರ್ಷ ನೋಡೋಣ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು. ಇವತ್ತು ಬೀದರಿನ ಪ್ರೌಢಶಾಲೆಯೊಂದರಲ್ಲಿ ಕಾಯಂ ಕೆಲಸಕ್ಕೆ ಮಾದರಿ ಪಾಠ. ಔರಾದದ ಬಸ್ಸಿನಲ್ಲಿ ಸೀಟು ಸಿಕ್ಕರೂ ಅರ್ಧ ದಾರಿ ನಿಂತೇ ಬಂದಳು. ಕಾಲಿಗೆ ಸಮಾಧಾನವಿಲ್ಲದವರಿಗೆ ಸೀಟು ಕಟ್ಟಿಕೊಂಡು ಏನಾಗಬೇಕು?

ಪಾಠಕ್ಕೆ ಆರಿಸಿಕೊಂಡದ್ದು 73939133. ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದಕ್ಕೂ ಪಾಲಾಗದ ಅವಿಭಾಜ್ಯ ಸಂಖ್ಯೆ. ಬಲಗಡೆಯ ಅಂಕಿಗಳನ್ನು ಒಂದೊಂದಾಗಿ ಅಳಿಸುತ್ತ ಹೋಗಿ, ಏಳೊಂದೇ ಉಳಿಯುವವರೆಗೂ ಉಳಿದದ್ದೆಲ್ಲ ಅವಿಭಾಜ್ಯವೇ. ಬಾಲ ಎಷ್ಟು ಕತ್ತರಿಸಿದರೂ ಸೊಕ್ಕು ಇಳಿಯದು. ಈ ಗುಣದವುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಬಲಕ್ಕೆ ಇನ್ನು ಯಾವ ಅಂಕಿ ಸೇರಿಸಿದರೂ ಆಟ ಕೆಡುತ್ತದೆ.

ಮುಖ್ಯೋಪಾಧ್ಯಾಯಿನಿ ಮಹಮೂದಾ ಬೇಗಂ ಹಿಂದಿನ ಬೆಂಚಿನಲ್ಲಿ ಕೂತರು. ಮಂಜಿರಿ ಖುಷ್ಬೂ ಎಂಬ ಹುಡುಗಿಯನ್ನು ಹಲಗೆಯ ಹತ್ತಿರ ಕರೆದು ಗಡಿಬಿಡಿಯಲ್ಲಿ ಅಂಕಿ ಹೇಳಿದಳು. ಹುಡುಗಿ ಬರೆದಳು.

"ನಾಕು ಅಂಕಿ ಉಳಿಯೋತನಕ ಬಲಗಡಿಯಿಂದ ಅಳಿಸು. ಈಗ ಏಳರಿಂದ ಭಾಗಿಸು. ಹೋಗಂಗಿಲ್ಲ ನೋಡು."

"ಹೋಯ್ತಲ್ರಿ ಮೇಡಂ. ಶೇಷ ಏನೂ ಉಳಿಲಿಲ್ರಿ."

ಮಂಜಿರಿ ತಿರುಗಿ ನೋಡಿದಳು. ಕೆಲಸ ಹೋಯಿತು ಅಂದುಕೊಂಡಳು. ಹಲಗೆಯ ಮೇಲೆ 7393ರ ಬದಲು 1393 ಇತ್ತು.

"ಮೊದಲ ಒಂದು ಯಾಕ ಬರದಿ?"

"ನೀವೇ ಮತ್ತೊಂದು ಅಂದ್ರಲ್ರಿ."

ಅಂಕಿ ಹೇಳಿದ್ದು ಅವಳಲ್ಲ, ಅವಳ ಬಾಯಲ್ಲಿದ್ದ ಅಪ್ಪ. ಭಾಲಚಂದ್ರ ಔರಾದದ ಅಡತಿ ಅಂಗಡಿಯಲ್ಲಿ ಕಾಳು ಅಳೆಯುವವರು. ಮಗಳು ಎಣಿಸಲು ಕಲಿತದ್ದು ಆ ಕಾಳಿನ ರಾಶಿಯ ಪಕ್ಕದಲ್ಲೇ. ಏನಾದರೊಂದು ನೆವ ಹೇಳಿ ಪಾರಾಗಲು ನೋಡಿದಳು, ನೆವ ಹೊಳೆಯಲಿಲ್ಲ. ಇದ್ದದ್ದನ್ನೇ ಹೇಳಿದಳು.

"ನಮ್ಮಪ್ಪ ಕಾಳು ಅಳಿವಾಗ ಏಳು ಅನ್ನಂಗಿಲ್ಲ. ಏಳು ಅಂದ್ರ ಕುಂತ ಲಕ್ಷ್ಮಿ ಎದ್ದು ಹೋಗ್ತಾಳಂತ. ಆರು ಆದಮ್ಯಾಲ ಮತ್ತೊಂದು ಅಂತಾರ. ಹಂಗೇ ಮೊದಲಿಗಿ ಒಂದೂ ಅನ್ನಂಗಿಲ್ಲ, ಲಾಭ ಅಂತಾರ."

ಒಂದನ್ನು ಅಳಿಸಿ ಏಳು ಬರೆದಳು. ಖುಷ್ಬೂ ಮತ್ತೆ ಭಾಗಿಸಿದಳು. ಈ ಸಲ ಶೇಷ ಉಳಿಯಿತು.

"ಎಷ್ಟು ಉಳೀತು?"

"ಲಾಭ," ಎಂದಿತು ಇಡೀ ತರಗತಿ.

ಎಲ್ಲರೂ ನಕ್ಕರು, ಬೇಗಂ ಮಾತ್ರ ನಗಲಿಲ್ಲ. ತಮ್ಮ ಕೋಣೆಗೆ ಕರೆದರು. ಮಂಜಿರಿ ಬಾಗಿಲಲ್ಲೇ ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು, ಮನಸ್ಸು ಆಗಲೇ ಬಸ್‌ಸ್ಟ್ಯಾಂಡಿನಲ್ಲಿತ್ತು.

"ಭಾಳ ಸಾಲಿ ಬದಲಿ ಮಾಡೀರಲ್ಲ, ಯಾಕ್ರಿ?"

"ಅವರು ಏಳು ಅಂದ್ರು, ನಾ ಎದ್ದೆ ಮೇಡಂ."

ಬೇಗಂ ಒಂದು ಕುರ್ಚಿ ಮುಂದಕ್ಕೆ ಸರಿಸಿದರು. "ಇನ್ನ ಮ್ಯಾಲ ನಾವು ಭೀ ಏಳು ಅನ್ನಂಗಿಲ್ರಿ. ಕೂಡ್ರಿ."

ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದಳು. ಹೇಳುತ್ತ ಹೇಳುತ್ತ ಗೇಟಿನವರೆಗೆ ಹೋಗುವುದು, ತಿರುಗಿ ಬರುವುದು.

"ಏನಂದ್ರವ್ವಾ?"

"ಕೂಡ್ರಿ ಅಂದ್ರು, ಅಪ್ಪಾ."

"ಮತ್ತ, ಕುಂತೇನು?"

ಅವಳು ಅಲ್ಲೇ ಬೇವಿನ ಕಟ್ಟೆಯ ಮೇಲೆ ಕೂತಳು. ಅಳು ಬಂತು, ಅತ್ತಳು.